ಭಾವನಾತ್ಮಕ ತೊಂದರೆಯಿರುವ ಮಕ್ಕಳಿಗೆ ತಾಲ್ಲೂಕಿನಲ್ಲೇ ನೆರವು ಕೋರಿ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ
(ಮಾನ್ಯ ತಹಶೀಲ್ದಾರರು, ಸೋಮವಾರಪೇಟೆ ಇವರ ಮೂಲಕ)

ವಿಷಯ: ಮೊಬೈಲ್, ಟಿ.ವಿ. ಗೀಳಿನಿಂದ ಭಾವನಾತ್ಮಕ ತೊಂದರೆಯಿರುವ ಮಕ್ಕಳ ತರಗತಿ ನಡವಳಿಕೆ ಹದಗೆಡುತ್ತಿರುವ ಬಗ್ಗೆ.

ಮಾನ್ಯರೇ,

ತೋಟದ ಲೈನ್‌ಮನೆಗಳಲ್ಲಿ ತಂದೆತಾಯಿ ಕೆಲಸಕ್ಕೆ ಹೊರಟ ಮೇಲೆ ಮಕ್ಕಳಿಗೆ ಜೊತೆ ಮೊಬೈಲ್ ಮಾತ್ರ. ಮಳೆ ರಜೆಯ ದಿನಗಳಲ್ಲಂತೂ ಹೊಡೆದಾಟದ ಗೇಮು, ರೀಲ್ಸ್ ಬಿಟ್ಟರೆ ಬೇರೇನಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆಂದು ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ.

ಎಲ್ಲ ಮಕ್ಕಳೂ ನೋಡುತ್ತಾರೆ, ನಿಜ. ಆದರೆ ಆತಂಕ, ಖಿನ್ನತೆ, ತಡೆಯಲಾಗದ ಸಿಟ್ಟಿನಿಂದ ಬಳಲುವ ಮಗುವಿಗೆ ಅದರ ಪೆಟ್ಟು ಹೆಚ್ಚು. ರಾತ್ರಿ ನಿದ್ದೆಗೆಟ್ಟ ಮಗು ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತದೆ. ಎಬ್ಬಿಸಿದರೆ ಪುಸ್ತಕ ಎಸೆಯುತ್ತದೆ, ಪಕ್ಕದವರಿಗೆ ಹೊಡೆಯುತ್ತದೆ. ದಿನವಿಡೀ ಬಾಯಿಬಿಡದೆ ಕೂರುವ ಮಗು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಮಕ್ಕಳ ಬಗ್ಗೆಯೇ ನಮಗೆ ಹೆಚ್ಚಿನ ಭಯ. ‘ಮೊಬೈಲ್‌ನಿಂದ ಕೆಟ್ಟಿತು’ ಎಂದು ಫೋನು ಕಿತ್ತುಕೊಂಡರೆ ಒಳಗಿನ ನೋವು ಪತ್ತೆಯಾಗದು. ಆ ನೋವು ಮರೆಯಲೆಂದೇ ಮಗು ಫೋನು ಹಿಡಿದಿರಬಹುದು. 2018ರ ಆಗಸ್ಟ್‌ನಲ್ಲಿ ಮಾದಾಪುರದ ಸುತ್ತ ಗುಡ್ಡ ಕುಸಿದದ್ದನ್ನು ಎಳವೆಯಲ್ಲೇ ಕಂಡ ಮಕ್ಕಳೂ ನಮ್ಮ ನಡುವೆ ಬೆಳೆಯುತ್ತಿದ್ದಾರೆ.

ಹೊಡೆತ, ಬೈಗುಳ, ಟಿ.ಸಿ. ಕೊಡುವ ಬೆದರಿಕೆ ಇದಕ್ಕೆ ಮದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಒಳಗೊಂಡಿದೆ. ಇವು ತರಗತಿಯಲ್ಲಿ ಜಾರಿಯಾಗಬೇಕು.

ಆದ್ದರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವು ತಿಂಗಳಿಗೊಂದು ದಿನವನ್ನು ಸೋಮವಾರಪೇಟೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಮೀಸಲಿಡಬೇಕು. ಕೂಲಿ ಬಿಟ್ಟು, ಬಸ್ಸು ಕಾದು, ರಚ್ಚೆ ಹಿಡಿದ ಮಗುವನ್ನು ಮಡಿಕೇರಿಗೆ ಕರೆದೊಯ್ಯುವುದು ತಾಯಂದಿರಿಗೆ ಎಷ್ಟು ಕಷ್ಟವೆಂದು ತಾವು ಬಲ್ಲಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ ಹಲ್ಲು, ಕಣ್ಣಿನ ಜೊತೆ ನಡವಳಿಕೆಯ ಬಗ್ಗೆಯೂ ಶಿಕ್ಷಕರನ್ನು ಕೇಳಿ ದಾಖಲಿಸಲಿ. ತಂತ್ರಜ್ಞಾನದ ಗೀಳಿಗಾಗಿಯೇ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಲ್ಲಿನ ತಜ್ಞರಿಂದ ನಮ್ಮ ಶಿಕ್ಷಕರಿಗೆ ತರಬೇತಿ ಕೊಡಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ಶಾಲೆಯ ಗೋಡೆಯ ಮೇಲಿರಲಿ.

ಶಾಲೆ ಬಿಟ್ಟ ಮೇಲೆ ಪೋಷಕರು ಮನೆಗೆ ಮರಳುವವರೆಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು ಮಕ್ಕಳಿಗೆ ತೆರೆದಿರಬೇಕು. ಬೇರೆ ದಾರಿ ತೋರಿಸದೆ ಫೋನು ಬಿಡು ಎಂದರೆ ಮಗು ಹೋಗುವುದಾದರೂ ಎಲ್ಲಿಗೆ?

ಮುಂಗಾರಿಗೆ ಮುನ್ನ ಶಿಕ್ಷಣ, ಆರೋಗ್ಯ ಇಲಾಖೆಗಳ ಅಧಿಕಾರಿಗಳೊಂದಿಗೆ ಸೋಮವಾರಪೇಟೆಯಲ್ಲೇ ಸಭೆ ಕರೆದು, ನಮ್ಮನ್ನೂ ಆಹ್ವಾನಿಸಬೇಕೆಂದು ಕೋರುತ್ತೇವೆ.

ಸ್ಥಳ: ಸೋಮವಾರಪೇಟೆ
ಇಂತಿ ತಮ್ಮ ವಿಶ್ವಾಸಿಗಳು,
ತಾಲ್ಲೂಕಿನ ಸರ್ಕಾರಿ ಶಾಲೆಗಳ ಪೋಷಕರು ಮತ್ತು ಶಿಕ್ಷಕರು