ಮಗುವಿನ ಮಾತು ಮಗುವಿನ ನುಡಿಯಲ್ಲಿಯೇ

ಆಟದಲ್ಲಿ ಬಿದ್ದ ಮಗುವಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಮೊಣಕಾಲಿಗೆ, ಮೊಣಕೈಗೆ, ಹಣೆಗೆ. ಕಿವಿ, ಕತ್ತು, ಬೆನ್ನು, ಹೊಟ್ಟೆಗಳ ಮೇಲೆ ಹಳೆಯ ಬಾಸುಂಡೆಯೂ ಹೊಸ ಬಾಸುಂಡೆಯೂ ಒಟ್ಟಿಗೆ ಕಂಡರೆ ಕಾರಣ ಬೇರೆಯಿರಬಹುದು. ಚೂಟಿಯಾಗಿದ್ದ ಮಗು ಹಠಾತ್ತನೆ ಮಂಕಾಗುವುದು, ಒಬ್ಬರನ್ನು ಕಂಡೊಡನೆ ಮುದುಡಿಕೊಳ್ಳುವುದು, ಹಸಿದ ಹೊಟ್ಟೆಯಲ್ಲಿ, ಮದ್ದು ಕಾಣದ ಹುಣ್ಣಿನೊಡನೆ ದಿನವೂ ಶಾಲೆಗೆ ಬರುವುದು—ಇವೂ ಸೂಚನೆಗಳೇ. ಇವು ರುಜುವಾತಲ್ಲ, ಆದರೆ ಕಡೆಗಣಿಸತಕ್ಕವೂ ಅಲ್ಲ. ಇವನ್ನು ಗುರುತಿಸುವುದು ಉಪಾಧ್ಯಾಯರೂ ವೈದ್ಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಕಲಿಯಬೇಕಾದ ವಿದ್ಯೆ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾನೂನಿನ 19ನೆಯ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 6 ತಿಂಗಳವರೆಗೆ ಸೆರೆವಾಸ, ದಂಡ, ಇಲ್ಲವೆ ಎರಡೂ ಉಂಟು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಹಾರಾಷ್ಟ್ರದ ಶಾಲಾ ವಸತಿನಿಲಯವೊಂದರ ಬಾಲಕಿಯರ ವಿಷಯ ತಿಳಿದೂ ಸುಮ್ಮನಿದ್ದರೆಂಬ ಆರೋಪ ಹೊತ್ತ ವೈದ್ಯರೊಬ್ಬರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟು ರದ್ದುಗೊಳಿಸಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಶಾಲೆಗಳೂ ಶಿಶುವಿಹಾರಗಳೂ ಸಿಬ್ಬಂದಿಗೆ ಕಾಲಕಾಲಕ್ಕೆ ತರಬೇತಿ ಕೊಡಿಸಬೇಕೆಂದು 2020ರ ನಿಯಮಗಳು ವಿಧಿಸಿವೆ.

ಗಡಿಯಾಚೆಯ ಕನ್ನಡಿಗರಾದ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ತರಬೇತಿ ಯಾವ ನುಡಿಯಲ್ಲಿ? ಮಂಜೇಶ್ವರದ ಮಗು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಪಿಸುಗುಟ್ಟಿದ್ದನ್ನು ಮಲೆಯಾಳದಲ್ಲಿ, ಅಕ್ಕಲಕೋಟೆಯ ಮಗು ಹೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಳ್ಳುವಾಗ, ಅರ್ಧ ಸಂಗತಿ ದಾರಿಯಲ್ಲಿಯೇ ಕಳೆದುಹೋದೀತು. ಮಕ್ಕಳು ದೇಹದ ಭಾಗಗಳಿಗೆ ಮನೆಯ ಹೆಸರುಗಳನ್ನೇ ಬಳಸುತ್ತಾರೆ. ಒಂದು ಪದ ತಪ್ಪಿದರೆ ನ್ಯಾಯವೇ ತಪ್ಪೀತು. ದಾಖಲೆಯ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕೆಂದು ಅದೇ 19ನೆಯ ಕಲಮು ಹೇಳುತ್ತದೆ. ಇದು ಯಾರ ದಾಕ್ಷಿಣ್ಯವೂ ಅಲ್ಲ, ಮಗುವಿನ ಹಕ್ಕು.

ಮಗು ಬಾಯಿಬಿಟ್ಟಾಗ ಉಪಾಧ್ಯಾಯರು ಮಾಡಬೇಕಾದುದು ಇಷ್ಟೆ. ಶಾಂತವಾಗಿ ಕೇಳಬೇಕು, ಮತ್ತೆ ಮತ್ತೆ ಕೆದಕಬಾರದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬಾರದು. ಮಗುವಿನ ಪದಗಳನ್ನೇ ತಿದ್ದದೆ ಬರೆದಿಟ್ಟುಕೊಳ್ಳಬೇಕು. ಆರೋಪಕ್ಕೊಳಗಾದವರನ್ನು ಕರೆಸಿ ಪಂಚಾಯಿತಿ ನಡೆಸಬಾರದು. ತನಿಖೆ ಪೊಲೀಸರ ಕೆಲಸ. ಹೊಡೆತ, ಉಪವಾಸ, ನಿರ್ಲಕ್ಷ್ಯಗಳ ಶಂಕೆಯಿದ್ದರೂ 1098ಕ್ಕೆ ಕರೆಮಾಡಬಹುದು. ಅದು ಹಗಲಿರುಳೂ ಉಚಿತ.

‘ಮನೆತನದ ಮಾನ ಹೋದೀತು’ ಎಂಬ ಅಂಜಿಕೆ ನಮ್ಮಂಥ ಚಿಕ್ಕ ಸಮಾಜಗಳಲ್ಲಿ ಹೆಚ್ಚು. ಎಲ್ಲರೂ ಎಲ್ಲರಿಗೂ ನೆಂಟರು. ಆದರೆ ಮಗುವನ್ನು ಬಲಿಗೊಟ್ಟು ಉಳಿಸಿಕೊಂಡ ಮಾನ ಮಾನವೇ? ನಾಡಹಬ್ಬಕ್ಕೆ, ಸಾಹಿತ್ಯ ಸಮ್ಮೇಳನಕ್ಕೆ ಕೂಡುವ ನಮ್ಮ ಕನ್ನಡ ಸಂಘಗಳು ಈ ವರ್ಷ ಇನ್ನೊಂದು ಕೆಲಸಕ್ಕೂ ಕೂಡಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಂಡು, ಕನ್ನಡ ಶಾಲೆಗಳ ಉಪಾಧ್ಯಾಯರಿಗೆ ಕನ್ನಡದಲ್ಲಿಯೇ ತರಬೇತಿ ಬೇಕೆಂದು ಕೇಳಲಿ. ದುಭಾಷಿಗಳಾಗಬಲ್ಲವರ ಹೆಸರುಗಳನ್ನು ಒಪ್ಪಿಸಲಿ. ಭಾಷೆಯ ಅಭಿಮಾನ ಮಗುವಿನ ಅಳಲಿಗೆ ಕಿವಿಯಾದಾಗಲೇ ಸಾರ್ಥಕ.