ಚರ್ಚಿಲ್ ಚಹಾ ಕುಡಿಯದ ಮನೆಗಳು

ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆ ಊರಿನ ಇತಿಹಾಸ ಅಂದ್ರೆ ಒಂದೇ ಕಥೆ. ವೇವರ್ಲಿ ಇನ್ ಅಂತ ಒಂದು ವಸತಿಗೃಹ ಇತ್ತು, ಬೆಂಗಳೂರಿನ ದಂಡಿನಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ ಅಲ್ಲಿಗೆ ಬರ್ತಿದ್ದ, ಮಾಲೀಕನ ಮಗಳ ಮೇಲೆ ಮನಸ್ಸಾಗಿತ್ತಂತೆ. ಕಥೆ ನಿಜವೋ ಸುಳ್ಳೋ, ನನ್ನ ತಕರಾರು ಬೇರೆ. ಚರ್ಚಿಲ್ ಬಂದುಹೋದ ಅಂತ ಒಂದು ಮನೆಗೆ ಬೆಲೆ ಬರೋದಾದ್ರೆ, ಅವನು ಕಾಲಿಡದ ಪಕ್ಕದ ಮನೆಗಳನ್ನ ಜೆಸಿಬಿಗೆ ಕೊಡಬಹುದು ಅಂತ ತಾನೇ ಅರ್ಥ? ಆಗಿದ್ದೂ ಅದೇ. ಅವನು ಉಳಿಸಿಹೋದ 13 ರೂಪಾಯಿ ಬಾಕಿಯ ಲೆಕ್ಕದ ಪುಸ್ತಕವನ್ನ ಬೆಂಗಳೂರು ಕ್ಲಬ್ ಜೋಪಾನ ಮಾಡಿ ಇಟ್ಟಿದೆ. ನಮಗೆ ದೊಡ್ಡವರ ಸಾಲವೂ ಪರಂಪರೆ, ಸಣ್ಣವರ ಮನೆ ಮಾತ್ರ ಖಾಲಿ ಸೈಟು.

ಯಾರು ಈ ಸಣ್ಣವರು? 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಸುಮಾರು 3,900 ಎಕರೆ ಜಮೀನನ್ನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘ ಕಟ್ಟಿದವನು ಡಿ.ಎಸ್. ವೈಟ್. ಊರಿಗೆ ಅವನದೇ ಹೆಸರು. ಯುರೋಪಿನ ರಕ್ತವೂ ಈ ನೆಲದ ರಕ್ತವೂ ಬೆರೆತ ಮನೆತನಗಳ ಮಂದಿ ಸ್ವಂತ ಹೊಲದಲ್ಲಿ ದುಡಿದು ಬದುಕಲಿ ಅನ್ನೋದು ಯೋಜನೆ. ನಡುವೆ ದುಂಡನೆಯ ಬಯಲು, ಸುತ್ತ ಮನೆಗಳು. ಇವತ್ತಿನ ಇನ್ನರ್ ಸರ್ಕಲ್, ಔಟರ್ ಸರ್ಕಲ್ ಆ ನಕ್ಷೆಯ ಉಳಿಕೆ. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಹೆಂಚಿನ ಮಾಡು, ಮುಂದೊಂದು ವರಾಂಡ, ಹಿತ್ತಲಲ್ಲಿ ಹಣ್ಣಿನ ಗಿಡ. ಅರಮನೆಗಳಲ್ಲ, ಸಾದಾ ಮನೆಗಳು. ಸ್ವಾತಂತ್ರ್ಯದ ನಂತರ ಬಹಳ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದರು. 1990ರ ದಶಕದಲ್ಲಿ ಐಟಿ ಪಾರ್ಕ್ ಬಂತು, ಅದರ ಹಿಂದೆ ನಾವು ಬಂದೆವು. ಜಾಗದ ರೇಟು ಏರಿತು, ಮನೆಗಳು ಒಂದೊಂದಾಗಿ ಬಿದ್ದವು. ಕೆಡವಿದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ ಮತ್ತೆ ‘ಹೆರಿಟೇಜ್’ ಅಂತ ಹೆಸರಿಡೋದು ನಮ್ಮ ಕಾಲದ ತಮಾಷೆ.

‘ಬ್ರಿಟಿಷರ ಗುಲಾಮಗಿರಿಯ ಗುರುತು, ಹೋದ್ರೆ ಹೋಗ್ಲಿ ಬಿಡ್ರಿ’ ಅನ್ನೋರಿದ್ದಾರೆ. ಅಲ್ರಿ, ಆಳುವ ಬಿಳಿಯರು ಇವರನ್ನ ತಮ್ಮ ಪಂಕ್ತಿಗೆ ಸೇರಿಸಲಿಲ್ಲ, ನಾವೂ ನಮ್ಮವರು ಅನ್ನಲಿಲ್ಲ. ನೆಲ ಮೈಸೂರಿನದು. ಇಟ್ಟಿಗೆ ಸುಟ್ಟವರು, ಸುಣ್ಣ ಅರೆದವರು ಲಂಡನ್ನಿನಿಂದ ಬಂದವರಲ್ಲ. ನಾನು ಬೀದರಿನ ಮನ್ನಳ್ಳಿಯವ. ನಮ್ಮ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನಿಂದ ಬಂದವನು. ಹಾಗಂತ ಆ ಮದರಸಾ ನಮ್ಮದಲ್ಲ ಅಂತೀವೇನು?

‘ಅದು ಮದರಸಾ, ಇದು ಬರೀ ಇಟ್ಟಿಗೆ ಮನಿ’ ಅಂತ ಇನ್ನೊಂದು ವಾದ. 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕಕ್ಕೆ ನೂರು ವರ್ಷದ ವಯಸ್ಸು ಕೇಳುತ್ತದೆ, ಇತಿಹಾಸದ ಇಲ್ಲವೇ ಕಲೆಯ ಮಹತ್ವ ಕೇಳುತ್ತದೆ. ದೊಡ್ಡದಿರಬೇಕು ಅಂತ ಎಲ್ಲೂ ಹೇಳೋದಿಲ್ಲ. ಬೀದರಿನ ನೌಬಾದಿನಲ್ಲಿರುವ ಕರೇಜ್, ಅಂದ್ರೆ ನೆಲದಡಿಯ ನೀರಿನ ಸುರಂಗ, ವರ್ಷಾನುಗಟ್ಟಲೆ ಹೂಳು ತುಂಬಿ ಬಿದ್ದಿತ್ತು. ಮೇಲೆ ನೋಡಿದರೆ ಬರೀ ಕುಣಿಗಳು. ಹೂಳು ತೆಗೆದ ಮೇಲೆ ತಾನೇ ನಮ್ಮ ಹಿರಿಯರ ಜಾಣತನ ಕಂಡಿದ್ದು? ಸಾದಾ ಮನೆಯಲ್ಲೂ ಅಂಥ ಜಾಣತನ ಇರ್ತದೆ. ಸುಣ್ಣದ ಗೋಡೆ ತೇವ ಎಳೆದುಕೊಂಡು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಆಮೇಲೆ ‘ಹಳೇ ಮನೆ, ತಾನಾಗೇ ಬೀಳ್ತಿದೆ’ ಅಂತೀವಿ. ಮನ್ನಳ್ಳಿಯಲ್ಲೂ ಊರು ಬಿಟ್ಟ ಮಕ್ಕಳ ದುಡ್ಡಿನಲ್ಲಿ ದಪ್ಪ ಗೋಡೆಯ ಮನೆ ಕೆಡವಿ ಆರ್‌ಸಿಸಿ ಹಾಕ್ತಾರೆ. ಮೇ ತಿಂಗಳಲ್ಲಿ ಹಿರಿಯರು ಆ ಕಾದ ಸ್ಲ್ಯಾಬಿನ ಕೆಳಗೆ ಮಲಗಲಾರದೆ ಅಂಗಳಕ್ಕೆ ಬರ್ತಾರೆ.

ಗೆಳೆಯರೇ, ಹತ್ತು ವರ್ಷದ ಹಳೇ ಕೋಡ್ ಡಿಲೀಟ್ ಮಾಡೋ ಮುಂಚೆ ನಾವು ಓದ್ತೀವಿ, ಬ್ಯಾಕಪ್ ಇಡ್ತೀವಿ, ಇಬ್ಬರ ಒಪ್ಪಿಗೆ ತಗೋತೀವಿ. ನೂರು ದಾಟಿದ ಮನೆಯನ್ನ ಮಾತ್ರ ಒಂದು ಫೋಟೊ ಕೂಡ ತೆಗೆದಿಡದೆ ಕೆಡವ್ತೀವಿ.

ಇಲ್ಲೊಂದು ಪ್ರಶ್ನೆಗೆ ನಾನೂ ತಲೆಬಾಗ್ತೀನಿ. ಕೋಟಿಗಟ್ಟಲೆ ಬಾಳುವ ಜಾಗದ ಮಾಲೀಕ ನಮ್ಮ ಕಣ್ಣಿಗೆ ಚಂದ ಕಾಣಲಿ ಅಂತ ಯಾಕೆ ನಷ್ಟ ಮಾಡಿಕೊಳ್ಳಬೇಕು? ಮಾಡಿಕೊಳ್ಳಬಾರದು. ಆ ನಷ್ಟ ನಾವೆಲ್ಲ ಹಂಚಿಕೊಳ್ಳಬೇಕು. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ಮೂರು ಶ್ರೇಣಿ ಮಾಡಿ ನಿಯಮ ತಂದಿತು. ಮೂರನೇ ಶ್ರೇಣಿಯಲ್ಲಿ ಬಡಾವಣೆಯ ಚಹರೆ ಕಾಯುವ ಸಣ್ಣ ಕಟ್ಟಡಗಳಿಗೂ ಜಾಗವಿದೆ. ಕಟ್ಟುವ ಹಕ್ಕನ್ನ ಬೇರೆ ಕಡೆಗೆ ಮಾರಿಕೊಳ್ಳಲು ಬಿಡುವ ಟಿಡಿಆರ್ ನಮ್ಮಲ್ಲಿ ರಸ್ತೆ ಅಗಲ ಮಾಡಲು ಬಳಕೆಯಲ್ಲಿದೆ. ಅದನ್ನೇ ಮನೆ ಉಳಿಸಲು ಕೊಡಲಿ, ಆಸ್ತಿ ತೆರಿಗೆ ಬಿಡಲಿ, ರಿಪೇರಿಗೆ ಸುಣ್ಣದ ಕೆಲಸ ಬಲ್ಲವರನ್ನ ಒದಗಿಸಲಿ. ಹೇಗೂ ಉಳಿಯದ ಮನೆಯಿದ್ದರೆ, ಅಳತೆಯ ನಕ್ಷೆ ಮತ್ತು ಫೋಟೊ ದಾಖಲಾಗದೆ ಕೆಡವಲು ಪರವಾನಗಿ ಕೊಡಬಾರದು.

ಸರ್ಕಾರ ತಾನಾಗಿ ಇದನ್ನ ಮಾಡ್ತದೆ ಅಂತ ಕೂತರೆ ಆಗೋದಿಲ್ಲ. 2017ರಲ್ಲಿ ಲಾಲ್‌ಬಾಗಿನೊಳಗಿನ ಕೃಂಬಿಗಲ್ ಹಾಲ್ ಬಿದ್ದಿದ್ದು ಯಾವುದೋ ಬಿಲ್ಡರನ ಕೈಯಲ್ಲಲ್ಲ. ನೀರಿನ ಟ್ಯಾಂಕರಿಗೆ, ರಸ್ತೆ ಗುಂಡಿಗೆ ನಮ್ಮ ಅಪಾರ್ಟ್‌ಮೆಂಟ್ ಸಂಘಗಳು ಅರ್ಜಿ ಮೇಲೆ ಅರ್ಜಿ ಬರೆಯುತ್ತವೆ. ಇನ್ನರ್ ಸರ್ಕಲ್‌ನಲ್ಲಿ ಉಳಿದ ಮನೆಗಳ ಪಟ್ಟಿ ಮಾಡಿ ಅಂತ ಪಾಲಿಕೆಗೆ ಇನ್ನೊಂದು ಅರ್ಜಿ ಬರೆಯೋಣ. ಮನೆಗಳು ಇನ್ನೂ ನಿಂತಿರುವಾಗಲೇ ಬರೆಯೋಣ.