ಮುಂದಿನ ಮಳೆಗಾಲಕ್ಕೆ ಮೊದಲೇ

ಸದಾಶಿವಗಡದ ನೆತ್ತಿಯಲ್ಲಿ ನಿಂತರೆ ಕಾಳಿ ನದಿ ಕಡಲು ಸೇರುವುದು, ದೂರದ ಕೂರ್ಮಗಡ, ಕಾರವಾರದ ಪೇಟೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಸೋದೆಯ ಅರಸರು ಕಟ್ಟಿಸಿದ ಕೋಟೆ ಈಗ ಅಲ್ಲಲ್ಲಿ ಮಾತ್ರ ಉಳಿದಿದೆ. 2024ರ ಆಗಸ್ಟ್ 7ರ ನಡುರಾತ್ರಿ ಇದೇ ಗುಡ್ಡದ ಕೆಳಗೆ ಕಾಳಿಯ ಹಳೆಯ ಸೇತುವೆ ಕುಸಿಯಿತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತ್ತು. ಎರಡನ್ನೂ ನಾವು ರಸ್ತೆ ದುರಂತಗಳೆಂದು ಬರೆದು ಮುಗಿಸಿದೆವು. ಈ ಗುಡ್ಡಗಳ ಮೇಲೆ, ಈ ದಂಡೆಯಲ್ಲಿ ನಿಂತಿರುವ ಪ್ರತಿಯೊಂದು ಹಳೆಯ ಗುರುತಿಗೂ ಅವು ಎಚ್ಚರಿಕೆಯಾಗಿದ್ದವು.

ಚತುಷ್ಪಥ ಹೆದ್ದಾರಿಗಾಗಿ ಗುಡ್ಡದ ಬುಡ ಕೊಯ್ದ ಕಡೆಯಲ್ಲೆಲ್ಲ ಧರೆ ನೆಟ್ಟಗೆ ನಿಂತಿದೆ. ಕುಸಿತದ ಸೂಚನೆ ಮೊದಲು ಕಾಣುವುದು ಅಲ್ಲೇ ಬದುಕುವವರಿಗೆ: ಧರೆಯ ಮೇಲೆ ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದ ಕಡೆ ಒಸರುವ ಕೆಸರುನೀರು. ಅವರು ಕಂಡದ್ದನ್ನು ಯಾರಿಗೆ ಹೇಳಬೇಕು, ಹೇಳಿದ ಮೇಲೆ ಯಾರು ಬರುತ್ತಾರೆ?

ಇಟಲಿಯ ಫ್ಲಾರೆನ್ಸ್ ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿರಲಿಲ್ಲ. 1966ರ ನವೆಂಬರ್ 4ರ ನಸುಕಿನಲ್ಲಿ ಆರ್ನೊ ನದಿ ಆ ಊರನ್ನು ಹೊಕ್ಕಿತು. ಅದಕ್ಕೆ ಮೊದಲೇ, ಪೊಂಟೆ ವೆಕ್ಕಿಯೊ ಸೇತುವೆಯ ಮೇಲೆ ಅಂಗಡಿಯಿಟ್ಟಿದ್ದ ಚಿನಿವಾರರಿಗೆ ರಾತ್ರಿ ಕಾವಲುಗಾರರು ಸುದ್ದಿ ಮುಟ್ಟಿಸಿದ್ದರು. ಕೆಲವರು ಒಡವೆ ಉಳಿಸಿಕೊಂಡರು. ಉಳಿದ ಊರು ಮಲಗಿತ್ತು. ಸಾಂತಾ ಕ್ರೋಚೆ ಚರ್ಚಿನಲ್ಲಿದ್ದ, ಚಿತ್ರಕಾರ ಚಿಮಾಬುವೆಯ ಶಿಲುಬೆಚಿತ್ರದ ಬಣ್ಣ ಬಹುಪಾಲು ಕಳಚಿತು, ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯ ಪುಸ್ತಕಗಳು ಕೆಸರಲ್ಲಿ ಮುಳುಗಿದವು. ಜಗತ್ತಿನ ಮೂಲೆಮೂಲೆಯಿಂದ ಯುವಕರು ಬಂದು ಅವನ್ನು ಎತ್ತಿದರು. ನಮ್ಮ ಕೋಟೆಗೆ ಅಂಥ ನೆರವು ಬರುವುದೆಂದು ನಂಬಿ ಕೂರುವಂತಿಲ್ಲ.

ಕಡಲಿನ ಕಡೆಯ ಸೂಚನೆಗಳೂ ಅಷ್ಟೇ ಸ್ಪಷ್ಟ. ತರುಣ ರವೀಂದ್ರನಾಥ ಟಾಗೋರರು ಅಣ್ಣನ ಮನೆಯಲ್ಲಿದ್ದು ನಾಟಕ ಬರೆದ ಊರು ಕಾರವಾರ. ಅವರ ಹೆಸರಿನ ದಂಡೆಯ ಪಕ್ಕದಲ್ಲೇ ಬಂದರು ವಿಸ್ತರಿಸಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಈಗ ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಬಂದರು ಯೋಜನೆಯಿದೆ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾಯ್ದೆ ಮುರಿದ ತಾಲ್ಲೂಕು ಇದು. ಬಂದರು ಬೇಕೋ ಬೇಡವೋ ಎಂಬ ವಾದ ನಡೆಯಲಿ. ಆದರೆ ಆ ದಂಡೆಯಲ್ಲಿ ಇಂದು ಏನೇನಿದೆ ಎಂಬ ದಾಖಲೆ ಮೊದಲ ಕಲ್ಲು ಬೀಳುವುದಕ್ಕೆ ಮುಂಚೆ ಆಗಲೇಬೇಕು.

ಎಲ್ಲಕ್ಕಿಂತ ಬೇಗ ಕೈಜಾರುತ್ತಿರುವುದು ದನಿ. 2024ರ ಡಿಸೆಂಬರ್‌ನಲ್ಲಿ ಹೊನ್ನಳ್ಳಿಯ ತುಳಸಿ ಗೌಡ, 2025ರ ಫೆಬ್ರುವರಿಯಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡ ತೀರಿಕೊಂಡರು. ಒಬ್ಬರಿಗೆ ಕಾಡಿನ ಗಿಡಮರಗಳೆಲ್ಲ ಗೊತ್ತಿದ್ದವು, ಇನ್ನೊಬ್ಬರ ಬಾಯಲ್ಲಿ ಹಾಲಕ್ಕಿ ಒಕ್ಕಲಿಗರ ಹಾಡಿನ ಕಣಜವೇ ಇತ್ತು. ಇಬ್ಬರಿಗೂ ಪದ್ಮಶ್ರೀ ಬಂತು, ಸಂತೋಷ. ಅವರ ಓರಗೆಯ ಅಜ್ಜಿಯರು, ಸುಗ್ಗಿ ಕುಣಿತದ ತುರಾಯಿ ಕಟ್ಟಬಲ್ಲ ಹಿರಿಯರು ಇನ್ನೂ ಕೊಪ್ಪಗಳಲ್ಲಿದ್ದಾರೆ. ಪ್ರಶಸ್ತಿ ಬಂದವರ ಮನೆಗೆ ಮಾತ್ರ ಧ್ವನಿಮುದ್ರಣ ಯಂತ್ರ ಹೋದರೆ ಸಾಲದು.

ಜಿಲ್ಲಾಡಳಿತ ಈ ಮೇ ಮುಗಿಯುವುದರೊಳಗೆ ಸದಾಶಿವಗಡವೂ ಸೇರಿದಂತೆ ಕೊಯ್ದ ಧರೆಗಳನ್ನೆಲ್ಲ ಭೂವಿಜ್ಞಾನಿಗಳಿಂದ ನೋಡಿಸಿ, ಅಪಾಯದ ಜಾಗಗಳ ಪಟ್ಟಿಯನ್ನು ಪಂಚಾಯಿತಿ ಫಲಕಗಳಲ್ಲಿ ಕನ್ನಡ, ಕೊಂಕಣಿಗಳಲ್ಲಿ ಹಾಕಲಿ. ಬಿರುಕು ಕಂಡವರು ಫೋನ್ ಮಾಡಲು ಒಂದು ಸಂಖ್ಯೆ ಇರಲಿ, ಅದನ್ನು ರಾತ್ರಿಯೂ ಎತ್ತುವವರಿರಲಿ. ಪುರಾತತ್ತ್ವ ಇಲಾಖೆ ಕೋಟೆಯ ಉಳಿದ ಗೋಡೆಗಳನ್ನು ಅಳೆದು ಚಿತ್ರ ತೆಗೆದಿಡಲಿ. ಕಾರವಾರ, ಅಂಕೋಲಾ ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳು ಈ ಬೇಸಿಗೆ ರಜೆಯಲ್ಲೇ ಹಾಲಕ್ಕಿ ಕೊಪ್ಪಗಳಿಗೆ ಹೋಗಲಿ.